ಇಷ್ಟು ದಪ್ಪ ಬ್ಯಾಡ್ರಿ

ಅಡುಗೆಮನೆಯ ಪರದೆಯ ಹಿಂದೆ ಚಹಾದ ಟ್ರೇ ಹಿಡಿದು ನಿಂತಿದ್ದ ಪರಿಮಳಾಳ ಕಿವಿಗೆ ಪಡಸಾಲೆಯ ಮಾತು ಒಂದಕ್ಷರವೂ ಬಿಡದೆ ಬಿತ್ತು.

“ನೋಡಾಕ ಭಾಳ ಚೆಂದ ಐತ್ರಿ. ಬಣ್ಣನೂ ಚಲೋ ಐತಿ. ಆದ್ರ ಇಷ್ಟು ದಪ್ಪ ನನಗ ಬ್ಯಾಡ್ರಿ.”

ಅದು ನೋಡಲು ಬಂದ ಗಂಡಿನ ದನಿ. ಅವನ ತಾಯಿ ಮಾನಮ್ಮ ಮೆಲ್ಲಗೆ ಗದರಿದಳು. “ಏ ತಿರುಪತಿ, ಹಂಗನಬಾರದಪಾ. ಅವರು ಪ್ರೀತಿಲೆ ಕೊಡಾಕತ್ತಾರ, ಸುಮ್ನ ತಗೋ.”

“ತಗೊಂಡ ಮ್ಯಾಲ ಅನುಭವಿಸಾಂವ ನಾನಲ್ಲೇನಬೇ? ಇದರಾಗ ಅರ್ಧ ಇದ್ದಿದ್ರ ಖುಷೀಲೆ ತಗೊಂತಿದ್ದೆ.”

ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದ ತಾಯಿ ಬಾಲಮ್ಮ ಸೌಟು ಹಿಡಿದಲ್ಲೇ ಕಲ್ಲಾದಳು. ಪರಿಮಳಾ ದಪ್ಪಗಿದ್ದಳು, ನಿಜ. ಆದರೆ ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರೂ ಅದನ್ನು ಅವಳದೇ ಮನೆಯಲ್ಲಿ, ಅವಳದೇ ಹೋಳಿಗೆ ತಿನ್ನುತ್ತ ಹೇಳಿರಲಿಲ್ಲ.

ಉರಿ ಹತ್ತಲು ಇನ್ನೊಂದು ಕಾರಣವಿತ್ತು. ಆಗಷ್ಟೇ ಬಾಗಿಲಲ್ಲಿ ಕಾಲು ತೊಳೆಯಲು ಅವನಿಗೆ ನೀರು ಕೊಟ್ಟಾಗ ಇಬ್ಬರ ಕಣ್ಣು ಕೂಡಿದ್ದವು. ಅವನೂ ಗುಂಡಗುಂಡಗೆ ಇದ್ದ. ನಕ್ಕರೆ ಎರಡೂ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಚೊಂಬು ವಾಪಸು ಕೊಡುವಾಗ ಅವನು ಅದನ್ನು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡಿದ್ದ. ಆ ಗುಳಿಗಳನ್ನು ನೋಡುತ್ತ ಪರಿಮಳಾ ಮನಸ್ಸಿನಲ್ಲಿ ಒಂದು ಮದುವೆಯ ಸೀರೆಗೆ ಬಣ್ಣವನ್ನೂ ಆರಿಸಿಬಿಟ್ಟಿದ್ದಳು.

ಪರದೆ ಸರಿಸಿ ಹೊರಗೆ ಬಂದಳು. ಟ್ರೇಯನ್ನು ಟೀಪಾಯಿಯ ಮೇಲೆ ಕುಕ್ಕಿದಳು.

“ಹೌದ್ರಿ,” ಎಂದಳು, ನೇರ ಅವನ ಮುಖ ನೋಡಿ. “ದಪ್ಪ ಇದ್ದದ್ದು ನಮಗೂ ಬ್ಯಾಡ.”

ತಿರುಪತಿಯ ಕೈ ತಾಟಿನ ಮೇಲೆ ಹಾಗೇ ನಿಂತಿತು. ಅವನು ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡ, ಅವಳನ್ನೊಮ್ಮೆ ನೋಡಿದ. ಕೆನ್ನೆಯ ಗುಳಿಗಳು ಮುಚ್ಚಿಹೋದವು. ತಾಯಿ ಮಗ ಚಹಾ ಮುಗಿಸಿ, “ಹೇಳಿ ಕಳಸ್ತೀವ್ರಿ,” ಎಂದು ಎದ್ದು ಹೋದರು. ಹೇಳಿ ಕಳಿಸಲಿಲ್ಲ.

ಅಂದು ಪಡಸಾಲೆಯಲ್ಲೇ ಇದ್ದ ಅಪ್ಪ ದೇವಿಂದ್ರಪ್ಪ ನಾರಾಯಣಪುರದ ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿದ್ದು ರವಿವಾರಕ್ಕೊಮ್ಮೆ ಸುರಪುರದ ಮನೆಗೆ ಬರುವ ಮನುಷ್ಯ. ಮಾತು ಕಡಿಮೆ. “ಆ ಹುಡುಗ ಏನಂದ ಕೇಳಿದ್ರಿಲ್ಲ?” ಎಂದು ಬಾಲಮ್ಮ ಅಳುತ್ತ ಕೇಳಿದರೆ, “ಕೇಳಿದೆ. ಅದರಾಗೇನು ತಪ್ಪೈತಿ? ಅವನ ಆರೋಗ್ಯ ಅವ ನೋಡ್ಕೊಂತಾನ,” ಎಂದುಬಿಟ್ಟ. ತಾಯಿ ಮಗಳು ಆ ವಾರ ಅವನ ಬುತ್ತಿಗೆ ಉಪ್ಪಿನಕಾಯಿ ಕಟ್ಟಲಿಲ್ಲ. ಆ ವಿಷಯ ಮನೆಯಲ್ಲಿ ಮತ್ತೆ ಬರಲೂ ಇಲ್ಲ.

*

ಪರಿಮಳಾಳದು ಸುರಪುರದ ಬಜಾರದಲ್ಲಿ ಲೇಡೀಸ್ ಟೇಲರ್ ಅಂಗಡಿ. ಬೆಳಿಗ್ಗೆ ಮಷೀನಿಗೆ ಕೂತರೆ ಊಟಕ್ಕೆ ಏಳುವುದು, ಊಟಕ್ಕೆ ಕೂತರೆ ಮಷೀನಿಗೆ ಏಳುವುದು. ಸಂಜೆ ಎದುರಿನ ಬಂಡಿಯಿಂದ ಮಿರ್ಚಿ ಭಜಿ ತಾನಾಗಿಯೇ ಬರುತ್ತಿತ್ತು. ಊರ ಹೆಂಗಸರ ಸುತ್ತಳತೆ ಬಾಯಿಪಾಠ ಇದ್ದವಳಿಗೆ ತನ್ನದು ಮಾತ್ರ ಗೊತ್ತಿರಲಿಲ್ಲ. ತನ್ನ ಜಂಪರಿಗೆ ಹಳೆಯದೊಂದನ್ನು ಇಟ್ಟು “ಇದಕ್ಕಿಂತ ಸ್ವಲ್ಪ ಸಡ್ಲ” ಎಂದು ಕತ್ತರಿಸಿಕೊಳ್ಳುತ್ತ ಬಂದಿದ್ದಳು.

ಗಂಡಿನವರು ಬಂದುಹೋದ ಮರುದಿನ ಅಂಗಡಿಯ ಶಟರ್ ಅರ್ಧ ಎಳೆದು ಟೇಪನ್ನು ಚಮನಬೀಯ ಕೈಗೆ ಕೊಟ್ಟಳು. ಚಮನಬೀ ಅಂಗಡಿಯಲ್ಲಿ ಹುಕ್ಕು, ಗುಂಡಿ, ಫಾಲ್ ಹಚ್ಚುವ ಹೆಂಗಸು. ವಯಸ್ಸಿನಲ್ಲಿ ತಾಯಿಯಂಥವಳು, ತುಂಟತನದಲ್ಲಿ ಗೆಳತಿ.

“ಖಾಲಾ, ಸೊಂಟ ಹಿಡಿ. ಖರೇ ಹೇಳು.”

ಚಮನಬೀ ಹಿಡಿದಳು, ನೋಡಿದಳು, ಟೇಪನ್ನು ಸುತ್ತಿ ಡಬ್ಬಿಯೊಳಗಿಟ್ಟಳು. “ಯಾ ಅಲ್ಲಾ, ಟೇಪ್ ಹಳೇದಾಗೇತಿ ಬೇಟಿ. ಹೊಸಾದು ತರೂಣು.”

ಪರಿಮಳಾ ಅಂದೇ ಊಟ ಬಿಟ್ಟಳು. ಬೆಳಿಗ್ಗೆ ಸೌತೆಕಾಯಿ, ಮಧ್ಯಾಹ್ನ ಸೌತೆಕಾಯಿ, ರಾತ್ರಿ ನೀರು. ತನ್ನನ್ನು ದಪ್ಪ ಎಂದವನ ಎದುರಿಗೇ ಬಳುಕುತ್ತ ಓಡಾಡಬೇಕು, ಅವನು ನೋಡಿ ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಕಣ್ಣು ಮುಚ್ಚಿದರೆ ಇಷ್ಟೇ ಕನಸು. ಮೂರನೆಯ ದಿನ ಅಗಸಿ ಓಣಿಯ ಶಿಕ್ಷಕಿಯೊಬ್ಬರ ಜಂಪರಿಗೆ ತೋಳನ್ನು ಕೊರಳಿಗೆ ಹಚ್ಚಿ ಹೊಲಿದಳು. ಆಕೆ ಅದರಲ್ಲಿ ತಲೆ ತೂರಿಸಲು ಒದ್ದಾಡುತ್ತಿರುವಾಗಲೇ ಪರಿಮಳಾ ಕಣ್ಣಿಗೆ ಕತ್ತಲೆ ಬಂದು ಮಷೀನಿನ ಮೇಲೆ ಬಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ನಾಡಿ ನೋಡಿ, ಮೊಳಕಾಲು ಒತ್ತಿ ನೋಡಿ, ಆಮೇಲೆ ಚೆನ್ನಾಗಿ ಬೈದರು.

“ಉಪಾಸ ಬಿದ್ದು ಇಳಿಸಿದ್ದು ಹಬ್ಬಕ್ಕ ವಾಪಸ ಬರ್ತೈತಿ. ಇದ್ದ ಊಟದಾಗ ಸ್ವಲ್ಪ ಸ್ವಲ್ಪ ಬದಲ ಮಾಡ್ರಿ. ಮೊದಲು ಪಲ್ಯ, ಕಾಳು ತಿನ್ರಿ, ಆಮ್ಯಾಲ ರೊಟ್ಟಿ. ಒಂದು ರೊಟ್ಟಿ ಕಮ್ಮಿ ಮಾಡ್ರಿ. ಚಹಾದಾಗ ಸಕ್ಕರಿ ನಿಧಾನಕ ಇಳಿಸ್ರಿ. ಮುಂಜಾನಿ ಗುಡ್ಡದ ಕಡಿ ನಡದ ಬರ್ರಿ. ತಡಾ ಆಗಲಿ, ಅಡ್ಡಿಲ್ಲ.”

“ಗುಳಿಗಿ ಏನೂ ಇಲ್ರೀ?”

“ಗುಳಿಗಿ ನುಂಗಿದ್ರ ಕಾಲು ನಡೀತಾವೇನ್ರಿ?”

ಹಾಗೆ ಶುರುವಾಯಿತು. ನಿಂತುಕೊಂಡೇ ಬಟ್ಟೆ ಕತ್ತರಿಸಲು ಪರಿಮಳಾ ಮೇಜನ್ನು ಎತ್ತರ ಮಾಡಿಸಿದಳು. ದಾರದ ಉಂಡೆ ಬೇಕಾದರೆ ಯಾರನ್ನೂ ಕಳಿಸದೆ ತಾನೇ ಬಜಾರಕ್ಕೆ ನಡೆದಳು. ಮಿರ್ಚಿ ಭಜಿಯ ಹೊತ್ತಿಗೆ ಚಮನಬೀ ಹುರಿದ ಪುಠಾಣಿ ಕಡಲೆಯ ಡಬ್ಬಿ ಮುಂದಿಡುತ್ತಿದ್ದಳು, ತಾನು ಮಾತ್ರ ಭಜಿಯನ್ನೇ ತಿನ್ನುತ್ತಿದ್ದಳು. ಕಷ್ಟವಾದದ್ದು ಬಾಲಮ್ಮನಿಗೆ. ಮಗಳು ಒಂದು ರೊಟ್ಟಿ ಬೇಡ ಎಂದ ದಿನ ಆಕೆ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. “ನಾ ಬಡದ ರೊಟ್ಟಿ ಮ್ಯಾಲ ಸಿಟ್ಟೇನ ಪರೀ?” ಆಮೇಲೆ ಉಪಾಯ ಹೂಡಿದಳು. ಎಣಿಕೆಯಲ್ಲಿ ರೊಟ್ಟಿ ಕಡಿಮೆ, ಆದರೆ ಒಂದೊಂದೂ ಮೊರದಷ್ಟು ಅಗಲ. ಟೇಲರಳ ಕಣ್ಣಿಗೆ ಅಳತೆ ತಪ್ಪುವುದುಂಟೇ? ತಾಟು ಇಟ್ಟು ತೋರಿಸಿದ ಮೇಲೆ ಬಾಲಮ್ಮ ಸೋತಳು.

*

ಸುರಪುರದಲ್ಲಿ ನಡೆಯುವವರಿಗೆ ಟೇಲರ್ ಮಂಜಿಲ್ ಏರು ಒಳ್ಳೆಯದು. ಹಿಂದೆ ಟೇಲರ್ ಎಂಬ ಯಾವನೋ ಇಂಗ್ಲಿಷ್ ಸಾಹೇಬ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಅದು. ಸುತ್ತ ಆನೆ ಮಲಗಿದಂಥ ಬಂಡೆಗಳು, ಕೆಳಗೆ ಊರು, ಮಂಜು.

ಮೊದಲ ದಿನ ಪರಿಮಳಾ ಅರ್ಧ ಏರಿಗೆ ಏದುಸಿರು ಬಿಡುತ್ತ ನಿಂತಾಗ, ಪಕ್ಕದ ಬಂಡೆಯ ಮೇಲೆ ಇನ್ನೂ ಜೋರಾಗಿ ಏದುಸಿರು ಬಿಡುತ್ತ ಯಾರೋ ಕೂತಿದ್ದರು. ಹೊಸ ಬೂಟು, ಕೊರಳಲ್ಲಿ ಟವೆಲ್ಲು, ಟೊಮ್ಯಾಟೊದಷ್ಟು ಕೆಂಪು ಮುಖ. ನೋಡಿದರೆ ತಿರುಪತಿ.

ಇಬ್ಬರಿಗೂ ಓಡಿಹೋಗಬೇಕೆನಿಸಿತು. ಇಬ್ಬರಲ್ಲೂ ಉಸಿರಿರಲಿಲ್ಲ.

“ನೀವೇನ್ರಿ ಇಲ್ಲಿ?” ಎಂದಳು ಕೊನೆಗೆ.

“ರಂಗಂಪ್ಯಾಟ್ಯಾಗ ಬೇಕರಿ ಇಟ್ಟೇನಲ್ರಿ. ನಮ್ಮೂರು ಸಗರದಿಂದ ದಿನಾ ಬರೂದು ತ್ರಾಸಾತು. ಇಲ್ಲೇ ಮನಿ ಮಾಡೇನಿ.” ಅವನು ಮುಖ ಒರೆಸಿಕೊಂಡ. “ಇದು ಟೇಲರ್ ಮಂಜಿಲ್ ಅಂತ ಬೋರ್ಡ್ ನೋಡಿದೆ. ನಿಮ್ದ ಏನೋ ಅನ್ಕೊಂಡೆ.”

ನಗು ಬಂತು. ಪರಿಮಳಾ ಅದನ್ನು ಹಲ್ಲಿನ ಹಿಂದೆ ತಡೆದು, “ನಮ್ಮ ಮಂಜಿಲ್‌ಗೆ ನೀವೊಮ್ಮೆ ಬಂದು ಹೋಗೀರಿ. ಅದ ಸಾಕು,” ಎಂದು ಜಡೆ ಬೀಸಿ ಮುಂದೆ ನಡೆದಳು. ಮುಂದಿನ ತಿರುವು ದಾಟಿ, ಅವನಿಗೆ ಕಾಣುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕೂತುಬಿಟ್ಟಳು.

ಮರುದಿನವೂ ಅವನಿದ್ದ. ಅದರ ಮರುದಿನವೂ. ದಾರಿ ಒಂದೇ, ವೇಗವೂ ಒಂದೇ, ಇಬ್ಬರಿಗೂ ಅದಕ್ಕಿಂತ ಜೋರು ಬರುತ್ತಿರಲಿಲ್ಲ. ಹೀಗಾಗಿ ಬೇಡವೆಂದರೂ ಜೊತೆಯಾಗಿಯೇ ನಡೆಯಬೇಕಾಯಿತು. ಮೊದಮೊದಲು ರಸ್ತೆಯ ಈ ಬದಿಗೆ ಅವಳು, ಆ ಬದಿಗೆ ಅವನು. ಮಾತು ಕೇಳಿಸುವುದಿಲ್ಲವೆಂದು ಒಂದಿಷ್ಟು ಹತ್ತಿರ. ಹಾಲಿನ ಗಾಡಿ ಬಂದಾಗ ಇನ್ನಷ್ಟು ಹತ್ತಿರ. ಗಾಡಿ ಹೋದ ಮೇಲೆ ಯಾರೂ ದೂರ ಸರಿಯಲಿಲ್ಲ.

“ಶಹಾಪುರದಾಗ ರಕ್ತ ತಪಾಸ ಮಾಡಿಸಿದ್ದೆ,” ಎಂದ ಒಂದು ದಿನ. “ಸಕ್ಕರಿ ಅಂಚಿಗೆ ಬಂದು ನಿಂತೈತಿ, ಇನ್ನೊಂದು ಹೆಜ್ಜಿ ಇಟ್ರ ಒಳಗ ಬರ್ತೈತಿ ಅಂದ್ರು. ನನ್ನ ಧಂದೆ ನೋಡ್ರಿ. ಮುಂಜಾನಿಂದ ಸಂಜೀತನಕ ಸಕ್ಕರಿ ಒಳಗ ಕೈ.”

“ಕೈ ಇದ್ರ ಏನಾಗ್ತೈತ್ರಿ? ಬಾಯಿ ಇರಬಾರದು.”

“ರುಚಿ ನೋಡಬೇಕಲ್ರಿ! ಒಂದು ಪಫ್ ಕೆಟ್ಟಿದ್ರ ಹೆಸರು ಹಾಳಾಗ್ತೈತಿ.”

“ರುಚಿ ನೋಡಾಕ ಎಷ್ಟು ತಿಂತಿದ್ರಿ?”

ತಿರುಪತಿ ಬಂಡೆಯ ಕಡೆ ನೋಡಿದ. “ಅದು... ಒಂದ್ರಾಗ ಗೊತ್ತಾಗಂಗಿಲ್ರಿ.”

ಅಂದು ಪರಿಮಳಾ ನಗು ತಡೆಯಲಿಲ್ಲ. ಅವಳು ನಕ್ಕದ್ದು ನೋಡಿ ಅವನ ಗುಳಿಗಳು ಮತ್ತೆ ತೆರೆದುಕೊಂಡವು. ಸಿಟ್ಟು ಇನ್ನೂ ಇತ್ತು. ಆದರೆ ಬೆಳಿಗ್ಗೆ ಅದನ್ನು ಮನೆಯಿಂದ ತರುವುದನ್ನು ಅವಳು ಆಗಾಗ ಮರೆಯುತ್ತಿದ್ದಳು.

ಅವನು ಪಫ್ ಬಿಟ್ಟು ಚೂರಿಯ ತುದಿಯಷ್ಟು ರುಚಿ ನೋಡಲು ಕಲಿತ. ಬೈಕನ್ನು ಮನೆಯಲ್ಲಿಟ್ಟು ಅಂಗಡಿಗೆ ನಡೆದುಕೊಂಡೇ ಹೋಗತೊಡಗಿದ. ರೊಟ್ಟಿಯ ಮುಂಚೆ ಮೆಂತೆ ಸೊಪ್ಪು, ಹೆಸರುಕಾಳು ತಿನ್ನಬೇಕೆಂದು ಅವಳು ಹೇಳಿದ್ದನ್ನು ಮಾನಮ್ಮನಿಗೆ ಹೇಳಿ ಬೈಸಿಕೊಂಡ, ಆದರೂ ತಿಂದ. ಬಂಡೆಯ ಮೇಲೆ ಕೂರುವುದು ಕಡಿಮೆಯಾಯಿತು. ದೀಪಾವಳಿ ಬಂದು ಹೋಯಿತು. ಅವಳು ಕರ್ಚಿಕಾಯಿ ಅರ್ಧ ಮುರಿದು ತಿಂದಳು, ಇನ್ನರ್ಧವನ್ನು ಅವನಿಗೆ ತಂದು ಕೊಟ್ಟಳು. ಆ ಅರ್ಧವನ್ನು ಅವನು ಏರು ಮುಗಿಯುವತನಕ ತಿನ್ನುತ್ತಲೇ ಇದ್ದ.

ಚಳಿ ಹೆಚ್ಚಾದ ಹೊತ್ತಿಗೆ ಅವನ ಅಂಗಿ ಭುಜದಿಂದ ಜಾರುವಂತಾಗಿತ್ತು. ಮೊದಲು ಹೊಟ್ಟೆಯ ಮೇಲೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದ ಗುಂಡಿ ಈಗ ಆರಾಮಾಗಿತ್ತು. ಅದನ್ನು ತಾನು ದಿನಾ ನೋಡುತ್ತಿರುವುದು ಪರಿಮಳಾಗೆ ಅಂದೇ ಗೊತ್ತಾದದ್ದು.

“ಅಂಗಿ ಕೊಡ್ರಿ, ಬಾಜೂಕ ಹೊಲಿಗಿ ಹಾಕಿ ಕೊಡತೀನಿ. ಗೋಣಿಚೀಲ ಹಾಕ್ಕೊಂಡಂಗ ಕಾಣಾಕತ್ತೀರಿ.”

“ನಿಮ್ದು ಲೇಡೀಸ್ ಟೇಲರ್ ಅಲ್ಲೇನ್ರಿ?”

“ಅಂಗಿಗೆ ಗಂಡಸು ಹೆಂಗಸು ಗೊತ್ತಾಗ್ತೈತೇನ್ರಿ?”

ಅಂಗಿ ಅಂಗಡಿಗೆ ಬಂತು. ತೊಳೆದಿದ್ದರೂ ಅದಕ್ಕೆ ವೆನಿಲಾ ವಾಸನೆ. ಪರಿಮಳಾ ಹೊಲಿಗೆ ಬಿಚ್ಚಿದಳು, ಹಾಕಿದಳು, ಸರಿಯಾಗಲಿಲ್ಲವೆಂದು ಮತ್ತೆ ಬಿಚ್ಚಿದಳು. ಚಮನಬೀ ಹುಕ್ಕು ಹಚ್ಚುತ್ತ ಕನ್ನಡಕದ ಮೇಲಿಂದ ನೋಡುತ್ತಿದ್ದಳು.

“ಮದುಮಗಳ ಜಂಪರಿಗೂ ಇಷ್ಟು ಹೊತ್ತು ತಗೊಂಡಿಲ್ಲ ನೀ. ಅದನ್ನ ಹೊಲಿಯಾಕತ್ತಿಯೋ, ಮೂಸಾಕತ್ತಿಯೋ?”

“ಖಾಲಾ, ನೀ ಸುಮ್ನ ಭಜಿ ತಿನ್ನು.”

*

ಅಷ್ಟರಲ್ಲಿ ಯಾದಗಿರಿಯಿಂದ ಒಂದು ಸಂಬಂಧ ಬಂತು. ಹುಡುಗ ಶಿವಶರಣ, ಸರ್ಕಾರಿ ನೌಕರಿ. ಯಾವುದೋ ಮದುವೆಯ ಫೋಟೋದಲ್ಲಿ ಪರಿಮಳಾಳನ್ನು ನೋಡಿದ್ದ ಅವನ ತಾಯಿ ರೇಣುಕಾದೇವಿ ಫೋನಿನಲ್ಲೇ ಹೇಳಿದ್ದಳು. “ಹುಡುಗಿ ಚಲೋ ಐತ್ರಿ. ಸ್ವಲ್ಪ ಇಳಿಸಿದ್ರ ನಮ್ಮ ಶಿವಶರಣಗ ಜೋಡಿ ಆಗ್ತೈತಿ. ಸಂಕ್ರಾಂತಿ ಮುಂದ ಬರ್ತೀವಿ.”

ಬಾಲಮ್ಮನಿಗೆ ಕಾಲು ನೆಲಕ್ಕೆ ಹತ್ತಲಿಲ್ಲ. ಅಂದಿನಿಂದ ಆಕೆಯೇ ಮಗಳ ತಾಟಿನಿಂದ ರೊಟ್ಟಿ ಕಸಿದಿಡತೊಡಗಿದಳು.

ಪರಿಮಳಾ ಗುಡ್ಡದ ಮೇಲೆ ಅದನ್ನು ಹೇಳಿದಳು. ಹೇಳುವಾಗ ಅವನ ಮುಖವನ್ನೇ ನೋಡುತ್ತಿದ್ದಳು. ತಿರುಪತಿ ಎರಡು ಹೆಜ್ಜೆ ಹಿಂದೆ ಉಳಿದ, ಬೂಟಿನ ಲೇಸು ಬಿಚ್ಚಿ ಕಟ್ಟಿದ, ಮತ್ತೆ ಬಂದು ಕೂಡಿಕೊಂಡ.

“ಸರ್ಕಾರಿ ನೌಕರಿ ಅಂದ್ರ ಚಲೋನ ಆತಲ್ರಿ,” ಎಂದ. “ಹಂಗಾದ್ರ ಇನ್ನೊಂದು ಸುತ್ತು ಹೆಚ್ಚಿಗಿ ಹಾಕೂಣು.”

ಮರುದಿನದಿಂದ ಅವನು ಮಾಸ್ತರನಾಗಿಬಿಟ್ಟ. “ಕೈ ಬೀಸ್ರಿ. ನಿಂದರಬ್ಯಾಡ್ರಿ. ಸಂಕ್ರಾಂತಿ ಬಂತು.” ಅವಳಿಗಾಗಿ ನೀರಿನ ಬಾಟಲಿ ಹೊತ್ತ. ಅವಳು ಮಿಠಾಯಿ ಅಂಗಡಿಯ ಕಡೆ ತಿರುಗಿದರೆ ಕೆಮ್ಮಿದ. ಇಷ್ಟು ಶ್ರದ್ಧೆಯಿಂದ ತನ್ನನ್ನು ಬೇರೊಬ್ಬನಿಗೆ ತಯಾರು ಮಾಡುತ್ತಿದ್ದಾನಲ್ಲ ಎಂದು ಪರಿಮಳಾಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಗೆ ಅವಳ ನಡಿಗೆ ಇನ್ನೂ ಜೋರಾಗುತ್ತಿತ್ತು.

ಯಾದಗಿರಿಯವರು ಬರುವ ಹಿಂದಿನ ದಿನ ಬೆಳಿಗ್ಗೆ, ಏರು ಮುಗಿದ ಮೇಲೆ, ಅವಳಿಗೆ ತಡೆಯಲಾಗಲಿಲ್ಲ.

“ನಿಮಗ ಭಾಳ ಖುಷಿ ಆಗಿರಬೇಕಲ್ರಿ.”

“ಯಾಕ್ರಿ?”

“ದಪ್ಪ ಇದ್ದಾಕಿ ಅಂತೂ ಇಳದ್ಲು ಅಂತ. ನೀವ ಅಂದಿದ್ರಲ್ಲ, ಇದರಾಗ ಅರ್ಧ ಇದ್ದಿದ್ರ ತಗೊಂತಿದ್ದೆ ಅಂತ.”

“ನಾ? ಯಾವಾಗ ಅಂದೆ?”

“ನಮ್ಮ ಪಡಸಾಲ್ಯಾಗ ಕುಂತು! ನೋಡಾಕ ಚೆಂದ ಐತಿ, ಬಣ್ಣ ಚಲೋ ಐತಿ, ಆದ್ರ ಇಷ್ಟು ದಪ್ಪ ಬ್ಯಾಡ ಅಂದ್ರಿ. ನಾ ಪರದೆ ಹಿಂದನ ಇದ್ದೆ.”

ತಿರುಪತಿಯ ಹಣೆ ಗಂಟಾಯಿತು. ಆಮೇಲೆ ಒಮ್ಮೆಲೆ ಎರಡೂ ಕೈ ಮೇಲೆತ್ತಿ ಕೂಗಿದ.

“ಹೋಳಿಗಿ!”

ಬಂಡೆಯ ಮೇಲಿದ್ದ ಆಡುಗಳು ಚದುರಿದವು.

“ಹೋಳಿಗಿರೀ ಅದು! ನಿಮ್ಮಪ್ಪಾರು ತಾಟಿಗೆ ಹಾಕಾಕ ಬಂದಿದ್ರು. ಹಾಸಿಗಿ ಮಡಚಿ ಇಟ್ಟಂಗಿತ್ತು. ಆವಾಗಷ್ಟ ರಿಪೋರ್ಟ್ ಬಂದಿತ್ತು, ಹೆಂಗ ತಿನ್ನಲಿ? ನೀವು ಒಳಗಿಂದ ಬಂದು, ದಪ್ಪ ಇದ್ದದ್ದು ನಮಗೂ ಬ್ಯಾಡ ಅಂದ್ರಿ. ನಾ ಮನಿಗೆ ಹೋಗಿ ಕನ್ನಡಿ ಮುಂದ ನಿಂತೆ. ಒಂದು ಕನ್ನಡಿಯಾಗ ಪೂರಾ ಹಿಡೀಲಿಲ್ಲ ನಾನು. ಸಕ್ಕರಿ ಬಿಟ್ಟದ್ದು ಡಾಕ್ಟರ್ ಮಾತಿಗೆ. ಈ ಗುಡ್ಡಾ ಹತ್ತಾಕತ್ತಿದ್ದು ನಿಮ್ಮ ಮಾತಿಗೆ.”

ಪರಿಮಳಾ ಬಂಡೆಗೆ ಒರಗಿದಳು. ನಗು ಹೊಟ್ಟೆಯ ತಳದಿಂದ ಎದ್ದು ಬಂತು. ನಕ್ಕಳು, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ತಿಂಗಳುಗಟ್ಟಲೆ ಜತನದಿಂದ ಸಾಕಿದ ಸಿಟ್ಟು ಒಂದು ಹೋಳಿಗೆಯ ಮೇಲಿನದಾಗಿತ್ತು! ಅವನೂ ನಕ್ಕ. ನಗು ಮುಗಿದ ಮೇಲೆ ಇಬ್ಬರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕೆಳಗೆ ಊರಿನ ಮೇಲಿನ ಮಂಜು ಕರಗುತ್ತಿತ್ತು.

“ನಾಳೆ ಅವರು ಬರ್ತಾರ,” ಎಂದಳು.

“ಹೌದ್ರಿ.”

ಅವಳು ಕಾದಳು. ಒಂದು ಮಾತು ಸಾಕಾಗಿತ್ತು. ತಿರುಪತಿ ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

“ನಿಮ್ಮವ್ವಾರು ಎಷ್ಟು ದಿನದಿಂದ ಆಸಿ ಇಟ್ಕೊಂಡಾರ... ಹುಡುಗನ್ನ ನೋಡ್ರಿ. ಚಲೋ ಇದ್ರ, ಹೂಂ ಅನ್ರಿ.”

ಇಷ್ಟು ಹೇಳಿ ಅವನು ಇಳುಕಲಲ್ಲಿ ಹೊರಟುಹೋದ, ಎಂದೂ ಇಲ್ಲದಷ್ಟು ವೇಗವಾಗಿ. ತಾನೇ ಹೊಲಿದು ಕೊಟ್ಟ ಅಂಗಿ ಅವನ ಬೆನ್ನಿಗೆ ಎಷ್ಟು ಚೆನ್ನಾಗಿ ಕೂತಿದೆ ಎಂದು ನೋಡುತ್ತ ಪರಿಮಳಾ ಅಲ್ಲೇ ನಿಂತಳು. ಹೊಡೆಯಬೇಕೆನಿಸಿತು. ಓಡಿಹೋಗಿ ಹಿಡಿಯಬೇಕೆಂದೂ ಅನಿಸಿತು.

*

ರವಿವಾರ ಮಧ್ಯಾಹ್ನ ಯಾದಗಿರಿಯ ಕಾರು ಬಂತು. ರೇಣುಕಾದೇವಿ ಒಳಗೆ ಬಂದು, ಪರಿಮಳಾಳನ್ನು ತಿರುಗಿಸಿ ಮುರುಗಿಸಿ ನೋಡಿ, “ಇಳದಾಳ, ಇಳದಾಳ,” ಎಂದಳು. ಶಿವಶರಣ ಮೊಬೈಲಿನಿಂದ ಒಂದು ಸಲ ತಲೆಯೆತ್ತಿ, ಭಜಿಯ ಪ್ಲೇಟು ತೆಗೆದುಕೊಂಡು ಮತ್ತೆ ತಲೆ ತಗ್ಗಿಸಿದ.

ಆಮೇಲೆ ರೇಣುಕಾದೇವಿ ತನ್ನ ದೊಡ್ಡ ಕೈಚೀಲದ ಜಿಪ್ ತೆಗೆದಳು. ಹಣ್ಣೋ ಸೀರೆಯೋ ಬರುತ್ತದೆಂದು ಬಾಲಮ್ಮ ಸೆರಗು ಸರಿಮಾಡಿಕೊಂಡಳು. ಬಂದದ್ದು ತೂಕದ ಮಷೀನು. ಗಾಜಿನ ಚೌಕ, ನಡುವೆ ಮಿನುಗುವ ಅಂಕಿ.

“ತಪ್ಪು ತಿಳ್ಕೋಬ್ಯಾಡ್ರಿ. ಸೀರಿ ಉಟ್ರ ಏನೂ ಗೊತ್ತಾಗಂಗಿಲ್ಲ. ನಿಂದ್ರವಾ ಒಂದೀಟ.”

ಬಾಲಮ್ಮನ ಕಣ್ಣು ಬೇಡಿಕೊಳ್ಳುತ್ತಿದ್ದವು, ಏನನ್ನೆಂದು ಆಕೆಗೂ ಗೊತ್ತಿರಲಿಲ್ಲ. ಪರಿಮಳಾ ಆ ಗಾಜನ್ನು ನೋಡಿದಳು. ನಿಂತರೆ ಗೆಲ್ಲುತ್ತಿದ್ದಳು. ಅಂಕಿ ಚೆನ್ನಾಗಿಯೇ ಬರುತ್ತಿತ್ತು; ಬೆಳಿಗ್ಗೆ ಜಂಪರಿನ ಹುಕ್ಕು ಹಾಕಿಕೊಳ್ಳುವಾಗಲೇ ಅದು ಗೊತ್ತಾಗಿತ್ತು. ಮೊಳಕಾಲು ನೋಯದೆ ಗುಡ್ಡ ಹತ್ತುವಾಗಿನ ಸಂತೋಷ ನೆನಪಾಯಿತು. ಆ ಸಂತೋಷವನ್ನು ಇಷ್ಟು ಚಿಕ್ಕ ಗಾಜಿನ ಮೇಲೆ ಇಳಿಸಿಡಲು ಮನಸ್ಸು ಬರಲಿಲ್ಲ.

“ಅಮ್ಮಾರ,” ಎಂದಳು ಮೆಲ್ಲಗೆ, “ನಾ ದಿನಾ ಮಂದಿ ಅಳತಿ ತಗೊಳ್ಳಾಕಿ. ಅರಿವಿ ಮನುಷ್ಯಾಗ ಸರಿ ಆಗ್ಲಿ ಅಂತ ತಗೊಂತೀನಿ. ಅರಿವಿಗೆ ಸರಿ ಆಗ್ಲಿಲ್ಲ ಅಂತ ಮನುಷ್ಯಾನ್ನ ಯಾವತ್ತೂ ವಾಪಸ ಕಳಿಸಿಲ್ಲ. ಆದ್ರೂ ಆಗ್ಲಿ, ನಿಂದರ್ತೀನಿ. ಮೊದಲು ನಿಮ್ಮ ಹುಡುಗ ನಿಂದರಲಿ.”

ರೇಣುಕಾದೇವಿ ಬಾಯಿ ತೆರೆಯುವುದರೊಳಗೆ, ಹೇಳಿದ್ದನ್ನು ಕೇಳಿ ರೂಢಿಯಿದ್ದ ಶಿವಶರಣ ಎದ್ದು ಬಂದು ಮಷೀನಿನ ಮೇಲೆ ನಿಂತೇಬಿಟ್ಟ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಪ್ಲೇಟು.

ಬಾಲಮ್ಮನೊಳಗೆ ಏನೋ ಕಡಿದುಬಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು. “ಪ್ಲೇಟ್ ಕೆಳಗಿಡೋ ತಮ್ಮಾ. ನಮ್ಮ ಭಜಿ ತೂಕ ನಿನ್ನ ಲೆಕ್ಕಕ್ಕ ಬರ್ತೈತಿ.”

ಕಾರು ಬಂದ ದಾರಿಯಲ್ಲೇ ಹೋಯಿತು. ದೇವಿಂದ್ರಪ್ಪ ಕಾರಿನ ಹಿಂದೆಯೇ ಓಡಿಹೋಗಿ, ಅದರ ಕಿಟಕಿಯೊಳಗೆ ಮಷೀನು ಇಟ್ಟು, “ಮರ್ತು ಹೊಂಟಿದ್ರಿ ನೋಡ್ರಿ,” ಎಂದು ಕೈಮುಗಿದು ಬಂದ. ಒಳಗೆ ಬಂದು ಮಗಳ ತಲೆಯ ಮೇಲೆ ಕೈಯಿಟ್ಟ. ಆಗ ಪರಿಮಳಾಳಿಗೆ ಅಳು ಬಂತು. ಬಾಲಮ್ಮ ಅವಳನ್ನು ತಬ್ಬಿಕೊಂಡಳು.

“ಹೋಗ್ಲಿ ಬಿಡು ಪರೀ. ಇನ್ನೊಬ್ಬ ಬರ್ತಾನ.”

“ಬರೂದು ಬ್ಯಾಡಬೇ,” ಎಂದಳು ಪರಿಮಳಾ ಮೂಗು ಒರೆಸಿಕೊಂಡು. “ನಾನ ಹೋಗಿ ಬರ್ತೀನಿ.” ಹೋಳಿಗೆಯ ಸಂಗತಿ ಪೂರಾ ಹೇಳಿದಳು. ಬಾಲಮ್ಮ ಗಂಡನ ಕಡೆ ತಿರುಗಿ, “ನಿಮಗ ಮೊದಲ ಗೊತ್ತಿತ್ತೇನು?” ಎಂದಳು. “ಆವತ್ತ ನೀ ‘ಕೇಳಿದ್ರಿಲ್ಲ’ ಅಂದಿ, ನಾ ‘ಕೇಳಿದೆ’ ಅಂದೆ,” ಎಂದ ದೇವಿಂದ್ರಪ್ಪ.

*

ರಂಗಂಪೇಟೆಗೆ ಆಟೋ ಸಿಗುತ್ತಿತ್ತು. ಪರಿಮಳಾ ಹತ್ತಲಿಲ್ಲ, ಕೂತು ಹೋಗುವಷ್ಟು ಸಹನೆ ಕಾಲಿಗಿರಲಿಲ್ಲ. ಸಂಜೆಯ ಬೇಕರಿಯಲ್ಲಿ ಬ್ರೆಡ್ಡು, ಖಾರಿ ಬಿಸ್ಕೀಟಿಗಾಗಿ ಜನ ಸಾಲು ನಿಂತಿದ್ದರು. ಕೌಂಟರಿನ ಹಿಂದೆ ತಿರುಪತಿ, ಮುಖದಲ್ಲಿ ಕಳೆಯಿಲ್ಲ. ರೇಷ್ಮೆ ಸೀರೆ ಉಟ್ಟು ಬಂದ ಅವಳನ್ನು ನೋಡಿ ಅವನ ಕೈಯಲ್ಲಿದ್ದ ಬನ್ನು ಜಾರಿತು.

“ಕೇಕ್ ಬೇಕಾಗಿತ್ರಿ,” ಎಂದಳು.

“ಯಾ... ಯಾವುದಕ್ಕ್ರಿ?”

“ನಿಶ್ಚಯಕ್ಕ.”

ತಿರುಪತಿ ತಲೆಯಾಡಿಸಿದ. ಶೋಕೇಸಿನಿಂದ ಇದ್ದದ್ದರಲ್ಲೇ ಅತಿ ಸಣ್ಣ ಕೇಕು ತೆಗೆದ. ಕ್ರೀಮಿನ ಕೊಳವೆ ಕೈಗೆತ್ತಿಕೊಂಡು, ಅವಳನ್ನು ನೋಡದೆ, “ಹೆಸರು ಬರೀಬೇಕಲ್ರಿ,” ಎಂದು ತಾನಾಗಿಯೇ ಶುರುಮಾಡಿದ. ಪರಿಮಳಾ ಎಂದು ಬರೆದ. ಎಷ್ಟು ದೊಡ್ಡದಾಗಿ, ಎಷ್ಟು ನಿಧಾನವಾಗಿ ಬರೆದನೆಂದರೆ ಈ ಅಂಚಿನಿಂದ ಆ ಅಂಚಿನತನಕ ಕೇಕು ತುಂಬ ಅವಳೇ ಆದಳು. ಕೊನೆಯ ದೀರ್ಘವನ್ನು ಎಳೆದು, ಅದರ ಬಾಲಕ್ಕೊಂದು ಹೂವನ್ನೂ ಬಿಡಿಸಿ, ಉಳಿದಿದ್ದ ಚೂರು ಜಾಗವನ್ನೂ ಮುಗಿಸಿದ.

“ಇನ್ನೊಂದು ಹೆಸರು ಎಲ್ಲಿ ಬರೀತೀರಿ?”

“ಜಾಗ ಇಲ್ರಿ,” ಎಂದ, ಮೊಂಡು ಹುಡುಗನ ಹಾಗೆ. “ಸಣ್ಣ ಕೇಕ್ ಇದು.”

“ಹುಡುಗನ ಹೆಸರಿಲ್ಲದ ಕೇಕ್ ನಾ ಒಯ್ಯಂಗಿಲ್ಲ.”

“ಏನ್ರಿ ಅವನ ಹೆಸರು? ಭಾಳ ಉದ್ದ ಇದ್ರ ಆಗಂಗಿಲ್ಲ.”

“ನಾಕ ಅಕ್ಷರ. ತಿರುಪತಿ ಅಂತ.”

ಕೊಳವೆಯಿಂದ ಕ್ರೀಮು ತಾನಾಗಿಯೇ ಹೊರಗೆ ಬರತೊಡಗಿತು. ಅದು ಕೇಕಿನ ಮೇಲೆ ಬೀಳುತ್ತಿಲ್ಲ, ತನ್ನ ಅಂಗಿಯ ಮೇಲೆ ಬೀಳುತ್ತಿದೆ ಎಂಬುದು ಅವನಿಗೆ ಗೊತ್ತಾಗಲಿಲ್ಲ.

“ಯಾದಗಿರಿಯವರು...”

“ಹೋದ್ರು.”

“ಹುಡುಗ ಚಲೋ ಇದ್ದಿಲ್ಲೇನ್ರಿ?”

“ಇದ್ದ. ನಾ ಅವನ ಸಂಗಾಟ ಗುಡ್ಡಾ ಹತ್ತಂಗಿಲ್ಲ.” ಅವಳು ಕೌಂಟರಿಗೆ ಇನ್ನಷ್ಟು ಹತ್ತಿರ ಬಂದಳು. “ನಿನ್ನೆ ಒಂದು ಮಾತು ಹೇಳಿದ್ರ ಏನಾಗ್ತಿತ್ರಿ ನಿಮಗ?”

“ಅಂಜಿಕಿ ಬಂತ್ರಿ,” ಎಂದ ತಿರುಪತಿ. “ನೀವು ಇಷ್ಟು ಚೆಂದ ಆಗೀರಿ. ಮೊದಲೂ ಚೆಂದ ಇದ್ರಿ. ಚೊಂಬು 'ತಗೋರಿ' ಅಂತ ಕೊಟ್ರಲ್ಲ, ಆವತ್ತ ನಾ ಮುಗದಿದ್ದೆ. ನೀವು ಬ್ಯಾಡ ಅಂದದ್ದು ಒಮ್ಮೆ ಕೇಳೇನಿ. ಇನ್ನೊಮ್ಮೆ ಕೇಳೂದು ನನ್ನ ಕೈಲಿ ಆಗ್ತಿದ್ದಿಲ್ಲ.”

ಅವನ ಕಣ್ಣು ತುಂಬಿದ್ದವು, ಕೆನ್ನೆಯಲ್ಲಿ ಗುಳಿ ಬಿದ್ದಿತ್ತು. ಎರಡೂ ಒಟ್ಟಿಗೆ ಇರಬಹುದೆಂದು ಪರಿಮಳಾಗೆ ಗೊತ್ತಿರಲಿಲ್ಲ.

ಸಾಲಿನ ಹಿಂದಿನಿಂದ ಒಬ್ಬ ಮುದುಕ ಚೀಲ ಅಲ್ಲಾಡಿಸಿದ. “ಅಪಾ, ನನ್ನ ಬ್ರೆಡ್ ಕೊಟ್ಟು ಲಗ್ನ ಆಗು. ಬಸ್ಸು ಹೋಗ್ತೈತಿ.”

ಎಲ್ಲರೂ ನಕ್ಕರು. ತಿರುಪತಿ ಬ್ರೆಡ್ಡು ಕೊಟ್ಟ, ಅಂಗಿಯ ಮೇಲಿನ ಕ್ರೀಮನ್ನು ಒರೆಸಲು ಹೋಗಿ ಇನ್ನಷ್ಟು ಹರಡಿಕೊಂಡ, ಮತ್ತೆ ಬಂದು ಕೇಕಿನ ಮುಂದೆ ಬಾಗಿದ. ತಾನೇ ಮುಚ್ಚಿಹಾಕಿದ ಜಾಗದಲ್ಲಿ ತನಗೊಂದು ಮೂಲೆ ಹುಡುಕತೊಡಗಿದ. ಮೊದಲ ಅಕ್ಷರ ಹೂವಿನ ಪಕ್ಕ ಸಿಕ್ಕಿಹಾಕಿಕೊಂಡಿತು. ಎರಡನೆಯದು ಅಂಚಿಗೆ ಬಂದು ವಾಲಿತು. ಮೂರನೆಯದು ಕೇಕಿನ ಗೋಡೆಯ ಮೇಲೆ ಜಾರಿತು. ಕೊನೆಯ ‘ತಿ’ ಕೆಳಗಿನ ರಟ್ಟಿನ ಮೇಲೆ ಇಳಿದು, ಅಲ್ಲಿ ಆರಾಮಾಗಿ ಕೂತುಕೊಂಡಿತು.

ಪರಿಮಳಾ ಕೌಂಟರಿನ ಮೇಲೆ ಮೊಳಕೈ ಊರಿ, ಅವನು ಬರೆಯುವುದನ್ನೇ ನೋಡುತ್ತ ನಿಂತಳು. ಹಿಂದಿನ ಸಾಲು ಬೆಳೆಯುತ್ತಿತ್ತು. ಯಾರೂ ಅವಸರ ಮಾಡಲಿಲ್ಲ.